ಬೆಂಕಿಪುರದಲ್ಲಿ ಆರಿದ ಕುಲುಮೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿ ಮಹರ್ಷಿಯ ಹೆಸರಿನ ‘ವಂಕಿಪುರ’ವೇ ಜನರ ಬಾಯಲ್ಲಿ ಬೆಂಕಿಪುರವಾಯಿತೆಂದು ಸ್ಥಳಪುರಾಣ ಹೇಳುತ್ತದೆ. ಮುಂದೊಂದು ದಿನ ಅಲ್ಲಿ ನಿಜವಾಗಿಯೂ ಬೆಂಕಿ ಹೊತ್ತಿ, ರಾತ್ರಿಯ ಆಕಾಶ ಕೆಂಪಾದಾಗ, ಹೆಸರಿಟ್ಟವರು ಭವಿಷ್ಯವನ್ನು ಕಂಡಿದ್ದರೋ ಏನೋ ಎಂದು ಬೆರಗುಪಡುವಂತಾಯಿತು. ಇಂದು ಆ ಕುಲುಮೆ ಆರಿದೆ. ಜನರ ಒಡಲಿನ ಉರಿ ಮಾತ್ರ ಆರಿಲ್ಲ.

1923ರ ಜನವರಿ 18ರಂದು ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ; ಸರ್ ಎಂ. ವಿಶ್ವೇಶ್ವರಯ್ಯನವರ ಕನಸು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯ ತೊಟ್ಟಿಗಳಲ್ಲಿ ಬೆಟ್ಟವಿಳಿದು, ಟ್ರಾಮ್ ಹಳಿಗಳ ಮೇಲೆ ಊರು ಸೇರುತ್ತಿದ್ದಿತು. ಕಲ್ಲಿದ್ದಲಿಲ್ಲದ ಸೀಮೆಯಾದುದರಿಂದ ಮಲೆನಾಡಿನ ಮರವನ್ನೇ ಇದ್ದಿಲಾಗಿಸಿ ಕುಲುಮೆಗೆ ಉಣಿಸಿದರು. ಕಾರ್ಖಾನೆ ನಷ್ಟದಲ್ಲಿ ಮುಳುಗಿದಾಗ ವಿಶ್ವೇಶ್ವರಯ್ಯನವರೇ ಆಡಳಿತದ ಹೊಣೆ ಹೊತ್ತರು. ಆ ಕೆಲಸಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಮನೆಗೊಯ್ಯದೆ, ವೃತ್ತಿಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ಬಿಟ್ಟುಕೊಟ್ಟರು. ಭದ್ರಾವತಿಯ ಜನ ಇಂದಿಗೂ ಮುಖಂಡರನ್ನು ಅಳೆಯುವುದು ಇದೇ ಅಳತೆಗೋಲಿನಿಂದ.

ದೀಪದ ಬುಡದಲ್ಲಿ

ಕಾಡಿನ ಬಳಿಕ ನದಿಯ ಸರದಿ ಬಂದಿತು. 1948ರಲ್ಲಿ ಜೋಗದ ವಿದ್ಯುದಾಗಾರ ಕಾರ್ಯಾರಂಭ ಮಾಡಿತು. ಮುಂದೆ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಾಯಿತು. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಶರಾವತಿಯ 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ದಶಕಗಳ ಕಾಲ ನಾಡಿಗೆಲ್ಲ ಬೆಳಕಿತ್ತಿತು.

ಆದರೆ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟಗಳನ್ನು ಬಿಟ್ಟುಬಂದವರ ಪಾಡೇನು? ಅವರಲ್ಲಿ ಅನೇಕರಿಗೆ ದೊರೆತದ್ದು ಕಾಡಿನಂಚಿನ ನೆಲ. ದಫ್ತರಗಳಲ್ಲಿ ಆ ನೆಲ ಅರಣ್ಯವಾಗಿಯೇ ಉಳಿದುದರಿಂದ ಹಕ್ಕುಪತ್ರವೆಂಬುದು ಬಿಸಿಲ್ಗುದುರೆಯಾಯಿತು. ಅರವತ್ತು ವರ್ಷಗಳು ಕಳೆದರೂ ಅವರ ಮಕ್ಕಳು, ಮೊಮ್ಮಕ್ಕಳು ಶಿವಮೊಗ್ಗದ ಕಚೇರಿಗಳ ಮೆಟ್ಟಿಲು ಹತ್ತಿಳಿಯುತ್ತಿದ್ದಾರೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಬೇರೆ ವ್ಯಾಖ್ಯಾನವೇ ಬೇಡ.

ಹಾಗೆಂದು ಇದು ನಾಯಕರಿಲ್ಲದ ಸೀಮೆಯಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರವಾಗಿ ನಿಂತ ಶಾಂತವೇರಿ ಗೋಪಾಲಗೌಡರು ಇಲ್ಲಿಯವರೇ. ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ. ಎಚ್. ಪಟೇಲ್, ಬಿ. ಎಸ್. ಯಡಿಯೂರಪ್ಪ, ಹೀಗೆ ನಾಲ್ವರು ಮುಖ್ಯಮಂತ್ರಿಗಳನ್ನು ಈ ಜಿಲ್ಲೆ ನಾಡಿಗೆ ಕೊಟ್ಟಿದೆ. ಪಟೇಲರು ಅಧಿಕಾರ ವಹಿಸಿಕೊಂಡಾಗ ಚನ್ನಗಿರಿ ಇನ್ನೂ ಶಿವಮೊಗ್ಗಕ್ಕೇ ಸೇರಿದ್ದಿತು. ಇಷ್ಟು ಮಂದಿಯನ್ನು ಗದ್ದುಗೆಗೇರಿಸಿದ ಜಿಲ್ಲೆಗೆ ತನ್ನ ಕಾರ್ಖಾನೆಯನ್ನು ಉಳಿಸಿಕೊಳ್ಳಲಾಗಲಿಲ್ಲವೆಂಬುದೇ ಜನರ ವ್ಯಥೆ.

ಅದಿರು ಹೋದ ದಾರಿ

ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತಮೇಲೆ ಸ್ವಂತ ಅದಿರಿನ ಆಸರೆ ತಪ್ಪಿತು. ಅದಿರು, ಇಂಧನ ಎರಡನ್ನೂ ಹೊರಗಿನಿಂದ ಕೊಂಡುತರುವ ಹಳೆಯ ಕಾರ್ಖಾನೆ ದೊಡ್ಡ ಕಾರ್ಖಾನೆಗಳೊಡನೆ ಪೈಪೋಟಿ ನಡೆಸುವುದು ಹೇಗೆ? ಸಂಡೂರಿನ ರಮಣದುರ್ಗದಲ್ಲಿ ಗಣಿ ಕೊಡುವ ಮಾತು ನಡೆಯಿತು. ಕುಲುಮೆಗೆ ಅದಿರು ಬರಲಿಲ್ಲ.

ಇತ್ತ ಭದ್ರಾವತಿ ಅದಿರಿಗಾಗಿ ಕೈಚಾಚಿದ್ದ ಕಾಲದಲ್ಲಿ, ಅತ್ತ ಬಳ್ಳಾರಿಯ ಅದಿರು ಲಾರಿಗಟ್ಟಲೆ ಬಂದರು ಸೇರಿ ಚೀನಾ ದೇಶಕ್ಕೆ ಸಾಗುತ್ತಿದ್ದಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿ, 2006ರಿಂದ 2010ರವರೆಗೆ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ಎಣಿಸಿತು. ವರದಿಯಲ್ಲಿ ಹೆಸರು ಬಂದ ಮುಖ್ಯಮಂತ್ರಿ ಯಡಿಯೂರಪ್ಪನವರು ಅದೇ ತಿಂಗಳ 31ರಂದು ರಾಜೀನಾಮೆ ಕೊಟ್ಟರು. ಗಣಿ ಕಂಪನಿಯೊಂದರಿಂದ ಹಣ ಪಡೆದರೆಂಬ ಆರೋಪದಿಂದ ಸಿ.ಬಿ.ಐ. ವಿಶೇಷ ನ್ಯಾಯಾಲಯ 2016ರಲ್ಲಿ ಅವರನ್ನು ಬಿಡುಗಡೆ ಮಾಡಿತು. ತೀರ್ಪಿಗೆ ಎಲ್ಲರೂ ತಲೆಬಾಗಲೇಬೇಕು. ಆದರೂ ಒಂದು ಪ್ರಶ್ನೆ ಉಳಿಯಿತು: ಕಡಲು ದಾಟುವ ದಾರಿಯನ್ನು ಕಂಡುಕೊಂಡ ಅದಿರಿಗೆ, ಬಳ್ಳಾರಿಯಿಂದ ಭದ್ರಾವತಿಗೆ ಬರುವ ದಾರಿಯೇಕೆ ಕಾಣಲಿಲ್ಲ?

ನೂರನೆಯ ವರ್ಷದ ಉಡುಗೊರೆ

2015ರಲ್ಲಿ ಇದೇ ಊರಿನ ಮೈಸೂರು ಕಾಗದದ ಕಾರ್ಖಾನೆ ನಿಂತಿತು. 2016ರಲ್ಲಿ ಉಕ್ಕಿನ ಕಾರ್ಖಾನೆಯನ್ನು ಮಾರುವ ಆಲೋಚನೆಗೆ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತಿತು. ಕೊಳ್ಳುವವರು ಸಿಗದೆ 2022ರಲ್ಲಿ ಆ ಯತ್ನವನ್ನು ಕೈಬಿಟ್ಟಿತು. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ವರ್ಷ ತುಂಬುತ್ತಿದ್ದ ದಿನಗಳಲ್ಲಿಯೇ, ಅದನ್ನು ಮುಚ್ಚುವ ನಿರ್ಣಯ ಹೊರಬಿದ್ದಿತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅಂಗಡಿಗಳು ಬಾಗಿಲು ಹಾಕಿ ಊರೇ ಬಂದ್ ಆಚರಿಸಿತು. ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ ವಿಜೃಂಭಣೆಯಿಂದ ನೆರವೇರಿದಾಗ, ಅಲ್ಲಿಂದ ಕೆಲವೇ ಮೈಲಿಗಳಾಚೆ ಕಾರ್ಮಿಕರು ಕೆಲಸ ಉಳಿಸಿರೆಂದು ಬೇಡುತ್ತಿದ್ದರು.

ಹೋರಾಟ ನಿಷ್ಫಲವಾಗಲಿಲ್ಲ. ಅದೇ ಆಗಸ್ಟಿನಲ್ಲಿ ಹೊರಗಿನ ಉಕ್ಕನ್ನು ತಂದು ಸಲಾಕೆ ಎಳೆಯುವ ಕೆಲಸ ಪುನಃ ಆರಂಭವಾಯಿತು. 2024ರ ಜೂನಿನಲ್ಲಿ ಉಕ್ಕು ಸಚಿವರಾಗಿ ಎಚ್. ಡಿ. ಕುಮಾರಸ್ವಾಮಿಯವರು ಕಾರ್ಖಾನೆಗೆ ಬಂದು ಪುನಶ್ಚೇತನದ ಮಾತಾಡಿದರು. ಭರವಸೆಗಳಿಗೆ ಭದ್ರಾವತಿಯಲ್ಲಿ ಎಂದೂ ಬರವಿರಲಿಲ್ಲ.

ಈಗ ಶರಾವತಿಯ ನೀರನ್ನು ಕೆಳಗಿನಿಂದ ಮೇಲಕ್ಕೆತ್ತಿ, ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಮರಳಿ ಇಳಿಸಿ, 2,000 ಮೆಗಾವಾಟ್ ವಿದ್ಯುತ್ ಪಡೆಯುವ ಯೋಜನೆಯೊಂದು ಎದ್ದಿದೆ. ಎತ್ತಲು ತಗಲುವ ವಿದ್ಯುತ್ತು ಇಳಿಸಿದಾಗ ಬರುವುದಕ್ಕಿಂತ ಹೆಚ್ಚು. ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಕಾದಿರಿಸಲು ಇದು ಬೇಕೆಂಬುದು ಸರ್ಕಾರದ ವಾದ. ಯೋಜನೆಯ ಸ್ಥಳ ಸಿಂಗಳೀಕಗಳ ಅಭಯಾರಣ್ಯ. 2025ರಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಜನ ತೀವ್ರವಾಗಿ ವಿರೋಧಿಸಿದರು. ಹಳೆಯ ಸಾಲ ತೀರದೆ ಹೊಸ ಸಾಲ ಕೇಳುವವನನ್ನು ಯಾರು ತಾನೇ ನಂಬುತ್ತಾರೆ?

ಊದುಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಹಗಲಿರುಳು ಕಾಯಬೇಕು. ಅಜಾಗ್ರತೆಯಿಂದ ಆರಿದರೆ ಒಳಗಿನ ಲೋಹ ಹೆಪ್ಪುಗಟ್ಟುತ್ತದೆ. ಮತ್ತೆ ಹೊತ್ತಿಸುವುದು ಪ್ರಯಾಸದ ಕೆಲಸ. ಜನರ ವಿಶ್ವಾಸವೂ ಅಂಥದೇ. ಕಾಡು, ನದಿ, ದುಡಿಮೆ ಎಲ್ಲವನ್ನೂ ಕೊಟ್ಟ ಬೆಂಕಿಪುರದ ಜನ ಇಂದು ಕೇಳುತ್ತಿರುವುದು ದಾನವನ್ನಲ್ಲ, ಲೆಕ್ಕವನ್ನು.