ಹೆಜ್ಜೆಯಿಂದ ಹೆದ್ದಾರಿಗೆ: ಐದನೇ ತರಗತಿಯಲ್ಲಿ ದೂರದ ಪಾಠ

ಐದನೇ ತರಗತಿಯ ಮಗುವನ್ನು ಒಂದು ಕಿಲೋಮೀಟರಿಗೆ ಎಷ್ಟು ಮೀಟರ್ ಎಂದು ಕೇಳಿದರೆ ಸಾವಿರ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಶಾಲೆಯಿಂದ ನಿನ್ನ ಮನೆ ಎಷ್ಟು ದೂರ ಎಂದು ಕೇಳಿದರೆ ಅದೇ ಮಗು ‘ಇಲ್ಲೇ ಹತ್ತಿರ’ ಎನ್ನುತ್ತದೆ, ಇಲ್ಲವೇ ಆಟೋ ಬಾಡಿಗೆ ಹೇಳುತ್ತದೆ. ಪರಿವರ್ತನೆಯ ಲೆಕ್ಕ ಗೊತ್ತು, ದೂರ ಗೊತ್ತಿಲ್ಲ. ಮಾದನಾಯಕನಹಳ್ಳಿಯ ಶಾಲೆಯೊಂದರಲ್ಲಿ ಬೋಧನಾಭ್ಯಾಸದಲ್ಲಿದ್ದಾಗ ಉದ್ದದ ಅಳತೆಯ ಘಟಕಕ್ಕೆ ನಾನು ಅಳವಡಿಸಿದ ಚಟುವಟಿಕೆಯೊಂದನ್ನು ಇಲ್ಲಿ ವಿವರಿಸುತ್ತೇನೆ. ಮನೆಗೂ ಶಾಲೆಗೂ ಮಕ್ಕಳು ನಡೆಯುವ ದೂರವನ್ನು ದಿನದಿನವೂ ಕೂಡಿಸುವುದು, ಆ ಮೊತ್ತವನ್ನು ಭೂಪಟದಲ್ಲಿ ಕಲ್ಪಿತ ಪ್ರಯಾಣವಾಗಿ ಗುರುತಿಸುವುದು, ಇಷ್ಟೇ ಇದರ ತಿರುಳು.

ಹೆಜ್ಜೆ ಎಣಿಸಿ ಯಾವುದೋ ದೇಶದ ದಾರಿಯಲ್ಲಿ ಚುಕ್ಕೆಯನ್ನು ಮುಂದೆ ಸರಿಸುವ ಮೊಬೈಲ್ ಆ್ಯಪ್‌ಗಳು ಈಗಾಗಲೇ ಇವೆ. ತರಗತಿಯಲ್ಲಿ ಅಷ್ಟನ್ನೇ ಮಾಡಿದರೆ ಮಗುವಿಗೆ ಸಿಗುವುದು ಇನ್ನೊಂದು ಸಂಖ್ಯೆ. ದೂರದ ಊರಿಗೂ ಮಗು ದಿನವೂ ನೋಡುವ ದಾರಿಗೂ ಕೊಂಡಿ ಬೆಸೆದಾಗ ಮಾತ್ರ ಇದು ಪಾಠವಾಗುತ್ತದೆ. ತುಮಕೂರು ರಸ್ತೆಯ ಮೇಲೇ ಇರುವ ಮಾದನಾಯಕನಹಳ್ಳಿಯಲ್ಲಿ ಆ ಕೊಂಡಿಗಾಗಿ ಹೆಚ್ಚು ಹುಡುಕಬೇಕಿಲ್ಲ.

ಮೊದಲು ಹೆಜ್ಜೆಯ ಅಳತೆ

ಮೈದಾನದಲ್ಲಿ ಟೇಪು ಹಿಡಿದು 10 ಮೀಟರ್ ಉದ್ದದ ಗೆರೆ ಎಳೆಯಬೇಕು. ಪ್ರತಿ ಮಗುವೂ ಅದರ ಮೇಲೆ ಮೂರು ಸಲ ನಡೆದು ಹೆಜ್ಜೆ ಎಣಿಸಲಿ. ಅಳತೆ ಎಂದ ಕೂಡಲೇ ಮಕ್ಕಳು ಕಾಲು ಚಾಚಿ ನಡೆಯುತ್ತಾರೆ. ಜೊತೆಯವರೊಂದಿಗೆ ಮಾತಾಡುತ್ತಾ ನಡೆಯಲು ಹೇಳಿದರೆ ಸಹಜ ಹೆಜ್ಜೆ ಬರುತ್ತದೆ. ಎಣಿಕೆ 19, 21, 20 ಬಂದರೆ ಸರಾಸರಿ 20. ಅಂದರೆ ಒಂದು ಹೆಜ್ಜೆಗೆ 50 ಸೆಂಟಿಮೀಟರ್. ಸರಾಸರಿ ಏಕೆ ಬೇಕು ಎಂಬುದನ್ನು ಇಲ್ಲಿ ಬೇರೆಯಾಗಿ ಬೋಧಿಸಬೇಕಿಲ್ಲ.

ಮರುದಿನ ಮನೆಯಿಂದ ಶಾಲೆಗೆ ಎಣಿಸಿಕೊಂಡು ಬರುವ ಕೆಲಸ. ಎಣಿಕೆ ತಪ್ಪದಂತೆ ಒಂದು ಜೇಬಿನಲ್ಲಿ ಹುಣಸೆ ಬೀಜ ಹಾಕಿಕೊಂಡು, ನೂರು ಹೆಜ್ಜೆಗೊಂದು ಬೀಜವನ್ನು ಇನ್ನೊಂದು ಜೇಬಿಗೆ ಹಾಕಬೇಕು. ಇದಕ್ಕೆ ದೊಡ್ಡ ಪೂರ್ವಜರಿದ್ದಾರೆ. ಹಿಮಾಲಯದ ಕುಮಾವೂಂ ಸೀಮೆಯಲ್ಲಿ ಶಾಲಾ ಶಿಕ್ಷಕರಾಗಿದ್ದ ನೈನ್ ಸಿಂಗ್ ರಾವತ್, ಸರ್ವೇ ಇಲಾಖೆಯಿಂದ ಸಮ ಹೆಜ್ಜೆ ಹಾಕುವ ತರಬೇತಿ ಪಡೆದು ಟಿಬೆಟ್ಟಿನ ದಾರಿಗಳನ್ನು ಗುಟ್ಟಾಗಿ ಅಳೆದರು. ಅವರ ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದವು. ನೂರು ಹೆಜ್ಜೆಗೆ ಒಂದು ಮಣಿ ಸರಿಯುತ್ತಿತ್ತು. 1866ರಲ್ಲಿ ಅವರು ಲಾಸಾ ತಲುಪಿದರು. ಮಾಲೆ ಒಂದು ಸುತ್ತು ಬಂದರೆ ಎಷ್ಟು ಹೆಜ್ಜೆ ಎಂದು ಕೇಳಿ ನೋಡಿ. ಹತ್ತು ಸಾವಿರ ಎಂದು ಮಕ್ಕಳೇ ಹೇಳುತ್ತಾರೆ. ನಮ್ಮ ಹಿರಿಯರ ಕೂಗಳತೆ, ಹರದಾರಿ ಎಂಬ ಮಾತುಗಳನ್ನು ಮನೆಯಲ್ಲಿ ಕೇಳಿ ಬರಲು ಹೇಳುವುದಕ್ಕೂ ಇದೇ ತಕ್ಕ ಹೊತ್ತು.

ಎಣಿಕೆಯ ಜೊತೆಗೆ ದಾರಿಯಲ್ಲಿ ಸಿಗುವ ಐದು ಗುರುತುಗಳನ್ನು ಬರೆಯಬೇಕು: ಬೇಕರಿ, ಪಂಕ್ಚರ್ ಅಂಗಡಿ, ಅರಳಿಕಟ್ಟೆ, ಹಾಲಿನ ಬೂತು, ಕಾರ್ಖಾನೆಯ ಗೇಟು. ಒಂದರಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂದು ಬರೆದರೆ ಮಗುವಿನ ಮೊದಲ ನಕ್ಷೆ ಸಿದ್ಧ.

ತರಗತಿಯ ಮೊತ್ತ

ಒಂದು ಮಗು ಬರುವಾಗ 1,000 ಹೆಜ್ಜೆ, ಹೋಗುವಾಗ 1,000 ಹೆಜ್ಜೆ ನಡೆದರೆ ದಿನಕ್ಕೆ 1 ಕಿಲೋಮೀಟರ್. ಇಂಥ 30 ಮಕ್ಕಳಿದ್ದರೆ ತರಗತಿಗೆ ದಿನಕ್ಕೆ 30 ಕಿಲೋಮೀಟರ್. ‘ನಾವ್ಯಾರೂ ಮೂವತ್ತು ನಡೆದಿಲ್ಲವಲ್ಲ’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು. ಉತ್ತರಕ್ಕೆ ನಾನು ಮೈಸೂರು ಸಂಸ್ಥಾನದ ಅಂಚೆಯ ವಿಷಯ ಹೇಳಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ 1889ರವರೆಗೆ ಪ್ರತ್ಯೇಕವಾಗಿ ನಡೆದ ಆ ವ್ಯವಸ್ಥೆಯಲ್ಲಿ ಓಲೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಪೂರ್ತಿ ದಾರಿ ಸಾಗಿದ್ದು ಓಲೆ. ಪ್ರತಿ ಓಟಗಾರನದು ಒಂದು ತುಂಡು. ನಮ್ಮ ಭೂಪಟದ ಚುಕ್ಕೆಯೂ ಅಂಥ ಓಲೆ. ಇದೇ ರಸ್ತೆಯಲ್ಲಿ ಅಂಚೆಪಾಳ್ಯ ಎಂಬ ಜಾಗವಿರುವುದರಿಂದ, ಆ ಹೆಸರು ಹೇಗೆ ಬಂತೆಂದು ಹಿರಿಯರಲ್ಲಿ ವಿಚಾರಿಸುವ ಕೆಲಸವನ್ನೂ ಕೊಡಬಹುದು.

ದಾರಿ ಮತ್ತು ನಂಬರ್ ಪ್ಲೇಟು

ಪ್ರಯಾಣಕ್ಕೆ ರಾಷ್ಟ್ರೀಯ ಹೆದ್ದಾರಿ 48ನ್ನು ಆರಿಸಿಕೊಂಡೆವು. ಮಾದನಾಯಕನಹಳ್ಳಿಯಿಂದ ತುಮಕೂರು ಸುಮಾರು 50 ಕಿಲೋಮೀಟರ್, ಚಿತ್ರದುರ್ಗ 180, ದಾವಣಗೆರೆ 240, ಹುಬ್ಬಳ್ಳಿ 390, ಬೆಳಗಾವಿ 480. ದಿನಕ್ಕೆ 30ರಂತೆ ಚಿತ್ರದುರ್ಗಕ್ಕೆ 6 ದಿನ, ಬೆಳಗಾವಿಗೆ 16 ದಿನ. ಮೂರು ವಾರದ ಘಟಕಕ್ಕೆ ಇದು ಹೇಳಿ ಮಾಡಿಸಿದ ದಾರಿ.

ಈ ಊರುಗಳೆಲ್ಲ ಲಾರಿಗಳ ರೂಪದಲ್ಲಿ ದಿನವೂ ನಮ್ಮೂರಿಗೆ ಬರುತ್ತವೆ. ನೆಲಮಂಗಲದ ವಾಹನಕ್ಕೆ ಕೆಎ 52, ತುಮಕೂರಿನದಕ್ಕೆ ಕೆಎ 06, ಚಿತ್ರದುರ್ಗಕ್ಕೆ 16, ದಾವಣಗೆರೆಗೆ 17, ಹಾವೇರಿಗೆ 27, ಧಾರವಾಡಕ್ಕೆ 25, ಬೆಳಗಾವಿಗೆ 22. ಚುಕ್ಕೆ ಒಂದು ಜಿಲ್ಲೆ ಪ್ರವೇಶಿಸಿದ ದಿನ ಆ ಸಂಖ್ಯೆಯ ವಾಹನ ಕಂಡವರು ಅದು ಎಲ್ಲಿ ನಿಂತಿತ್ತು, ಏನು ತುಂಬಿತ್ತು ಎಂದು ವರದಿ ಮಾಡಬೇಕು. ದಾಸನಪುರದ ಎಪಿಎಂಸಿ ಮಾರುಕಟ್ಟೆಯ ಕಡೆ ಕೆಎ 16ರ ಲಾರಿಯಲ್ಲಿ ಈರುಳ್ಳಿ ಕಂಡರೆ ಚಿತ್ರದುರ್ಗ ಜಿಲ್ಲೆಯ ಬೆಳೆಯ ಮಾತು ತಾನಾಗಿ ಬರುತ್ತದೆ. ನೋಂದಣಿಯಾದ ಊರಿನಿಂದಲೇ ಲಾರಿ ಇಂದು ಹೊರಟಿತ್ತೇ ಎಂಬ ಪ್ರಶ್ನೆಯನ್ನು ಶಿಕ್ಷಕರು ಮುಂದಿಡಬೇಕು. ಪುರಾವೆಯಿಂದ ಎಷ್ಟು ಹೇಳಬಹುದು, ಎಷ್ಟು ಹೇಳಲಾಗದು ಎಂಬ ವಿವೇಚನೆ ಅಲ್ಲಿ ಶುರುವಾಗುತ್ತದೆ. ಹುಬ್ಬಳ್ಳಿ ತಲುಪಿದಾಗ ಅಲ್ಲಿನ ರೈಲು ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮ್‌ನ ಲೆಕ್ಕ ಮಾಡಿದೆವು: 50 ಸೆಂಟಿಮೀಟರ್ ಹೆಜ್ಜೆಗೆ 3,014 ಹೆಜ್ಜೆ. 500 ಮೀಟರ್ ದೂರದಿಂದ ಬರುವ ಮಗುವಿಗೆ ಅದು ಮನೆ-ಶಾಲೆಯ ಮೂರು ಪಟ್ಟು.

ಹಿರಿಯೂರಿನ ತಿರುವು

ಚುಕ್ಕೆ ಹಿರಿಯೂರು ತಲುಪಿದ ದಿನ, ಅಲ್ಲಿಯವರೆಗೆ ಕೇಳಿದ್ದಕ್ಕಷ್ಟೇ ಉತ್ತರಿಸುತ್ತಿದ್ದ ಹುಡುಗಿಯೊಬ್ಬಳು ಎದ್ದು, “ಇಲ್ಲಿಂದ ನಮ್ಮೂರಿಗೆ ಬ್ಯಾರೆ ದಾರಿ ಐತ್ರಿ ಟೀಚರ್” ಎಂದಳು. ಅವಳದು ಸಿಂಧನೂರಿನ ಕಡೆಯ ಹಳ್ಳಿ. ಹಿರಿಯೂರಿನಲ್ಲಿ ಬಲಕ್ಕೆ ತಿರುಗಿ ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ ದಾಟಿ ಹೋಗುವ ಹೆದ್ದಾರಿ 150ಎ ಅವಳಿಗೆ ಬಸ್ಸಿನ ಕಿಟಕಿಯಿಂದ ಗೊತ್ತಿತ್ತು. ರಾತ್ರಿ ಬಸ್ಸು ಚಹಾಕ್ಕೆ ಎಲ್ಲಿ ನಿಲ್ಲುತ್ತದೆ, ಬೆಳಗಾಗುವಾಗ ಯಾವ ಊರು ಬರುತ್ತದೆ ಎಂದು ಅವಳು ಹೇಳುತ್ತಾ ಹೋದಂತೆ ಉಳಿದವರು ಪ್ರಶ್ನೆ ಕೇಳತೊಡಗಿದರು. ಭೂಪಟದಲ್ಲಿ ಇನ್ನೊಂದು ಬಣ್ಣದ ದಾರ ಸೇರಿತು. ಮರುದಿನ ಮತ್ತೆ ಮೂವರು ತಮ್ಮ ಊರಿನ ದಾರಿ ತೋರಿಸಲು ಕೈ ಎತ್ತಿದರು.

ಕೈಗಾರಿಕಾ ಪ್ರದೇಶದ ಶಾಲೆಗಳಲ್ಲಿ ದುಡಿಮೆಗಾಗಿ ವಲಸೆ ಬಂದವರ ಮಕ್ಕಳು ಬಹಳ. ಅವರ ಊರು ದಾಖಲಾತಿ ಪುಸ್ತಕದ ಒಂದು ಕಾಲಂನಲ್ಲಿ ಉಳಿದುಬಿಡುತ್ತದೆ. ಸ್ಥಳೀಯ ಪರಿಸರದಿಂದ ಪಾಠ ಆರಂಭಿಸಿ ಎಂದು ನಮಗೆ ಕಲಿಸುತ್ತಾರೆ. ಈ ಮಕ್ಕಳ ಸ್ಥಳೀಯ ಪರಿಸರದಲ್ಲಿ ಎರಡು ಊರುಗಳೂ ನಡುವಿನ ದಾರಿಯೂ ಸೇರಿವೆ ಎಂಬುದನ್ನು ಪಾಠಯೋಜನೆ ಬರೆಯುವಾಗ ನೆನಪಿಡಬೇಕು.

ಕೆಲವು ಎಚ್ಚರಗಳು

ಮೊತ್ತ ಹೆಚ್ಚಿಸುವ ಆಸೆಗೆ ಮಕ್ಕಳು ಸುತ್ತುದಾರಿ ಹಿಡಿಯಬಹುದು, ಸರ್ವೀಸ್ ರಸ್ತೆಗೆ ಇಳಿಯಬಹುದು. ಆದ್ದರಿಂದ ದಿನನಿತ್ಯದ ದಾರಿಯ ಹೆಜ್ಜೆ ಮಾತ್ರ ಲೆಕ್ಕಕ್ಕೆ. ನಂಬರ್ ಓದುವುದು ನಿಂತ ವಾಹನದ್ದು ಮಾತ್ರ, ಅದೂ ರಸ್ತೆಯ ಅಂಚಿನಿಂದ ದೂರ ನಿಂತು. ಒಬ್ಬೊಬ್ಬರ ಮೊತ್ತವನ್ನು ಗೋಡೆಗೆ ಹಾಕಬಾರದು. ಮನೆ ದೂರ ಇರುವುದು ಯಾರ ಹೆಚ್ಚುಗಾರಿಕೆಯೂ ಅಲ್ಲ. ವ್ಯಾನಿನಲ್ಲಿ ಬರುವವರು ಮೈದಾನದ ಸುತ್ತುಗಳನ್ನು ಸೇರಿಸಲಿ. ಗಾಲಿಕುರ್ಚಿ ಬಳಸುವ ಮಗುವಿದ್ದರೆ ಚಕ್ರದ ಸುತ್ತಳತೆಯನ್ನು ದಾರದಿಂದ ಅಳೆದು ಸುತ್ತುಗಳಿಂದ ಗುಣಿಸಬೇಕು. ಆ ಲೆಕ್ಕ ಹೆಜ್ಜೆಯ ಲೆಕ್ಕಕ್ಕಿಂತ ಹೆಚ್ಚು ನಿಖರ.

ಮೌಲ್ಯಮಾಪನಕ್ಕೆ ಎರಡು ಪ್ರಶ್ನೆ ಸಾಕು. ಒಬ್ಬರ ಹೆಜ್ಜೆ 50 ಸೆಂಟಿಮೀಟರ್, ಇನ್ನೊಬ್ಬರದು 40. ಅದೇ 500 ಮೀಟರಿಗೆ ಯಾರ ಎಣಿಕೆ ಹೆಚ್ಚು, ಎಷ್ಟು? ಹೆಜ್ಜೆ ಚಿಕ್ಕದಾದಷ್ಟೂ ಎಣಿಕೆ ದೊಡ್ಡದಾಗುತ್ತದೆ ಎಂದು ತಿಳಿದ ಮಗು 1,000ಕ್ಕೆ ಎದುರಾಗಿ 1,250 ಎನ್ನುತ್ತದೆ. ಎರಡನೆಯದು: ನಿನ್ನ ಮನೆಯಿಂದ ಒಂದು ಕಿಲೋಮೀಟರ್ ನಡೆದರೆ ಎಲ್ಲಿರುತ್ತೀಯ? ಇದಕ್ಕೆ ಮಗು ಯಾವ ಅಂಗಡಿ, ಯಾವ ಕಟ್ಟೆ, ಯಾವ ಗೇಟಿನ ಹೆಸರು ಹೇಳಿದರೂ ಅದರ ನಕ್ಷೆಗೆ ತಾಳೆ ನೋಡಿ ಅಂಕ ಕೊಡಬಹುದು.