ಸುಗ್ಗಿ ಮುಗಿದ ಮೇಲೆ ಈಜು, ಸೈಕಲ್, ಓಟ

ಈಜು, ಸೈಕಲ್ ಸವಾರಿ ಮತ್ತು ಓಟಗಳನ್ನು ನಡುವೆ ವಿಶ್ರಾಂತಿಯಿಲ್ಲದೆ, ಗಡಿಯಾರವನ್ನೂ ನಿಲ್ಲಿಸದೆ, ಒಂದರ ಬೆನ್ನಿಗೆ ಒಂದರಂತೆ ಪೂರೈಸುವ ಸ್ಪರ್ಧೆಯನ್ನು ಟ್ರಯಥ್ಲಾನ್ ಎನ್ನುತ್ತಾರೆ. ಕನ್ನಡ ಓದುಗರಿಗೆ ಇದು ಪರಿಚಯವಾಗಿರುವುದು ಬಹುಮಟ್ಟಿಗೆ ಅದರ ಕಠಿಣ ರೂಪದಲ್ಲಿ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಗೋವಾದಲ್ಲಿ 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್ ಹಾಗೂ 21.1 ಕಿ.ಮೀ. ಓಟವನ್ನು ಎಂಟೂವರೆ ಗಂಟೆಯೊಳಗೆ ಮುಗಿಸಿದ ಸುದ್ದಿ ಎಲ್ಲೆಡೆ ಹರಡಿದಾಗ, ಇದು ಉಕ್ಕಿನ ಮೈಯವರಿಗಷ್ಟೇ ಒಪ್ಪುವ ಸಾಹಸವೆಂಬ ಭಾವನೆ ಇನ್ನಷ್ಟು ಗಟ್ಟಿಯಾಯಿತು. ಆದರೆ ಈ ಕ್ರೀಡೆ ಹುಟ್ಟಿದ್ದು ಸಾಹಸವಾಗಿ ಅಲ್ಲ, ಋತುವಿನ ಕೊನೆಯ ಒಂದು ಸಂಜೆಯ ವಿನೋದವಾಗಿ ಎಂಬುದನ್ನು ಅದರ ಚರಿತ್ರೆಯೇ ಹೇಳುತ್ತದೆ.

ಅಮೆರಿಕದ ಸ್ಯಾನ್ ಡಿಯಾಗೊ ನಗರದ ಓಟಗಾರರ ಸಂಘವೊಂದರ ಸದಸ್ಯರಾಗಿದ್ದ ಜಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹನ್ ಎಂಬಿಬ್ಬರು, ಬೇಸಿಗೆಯುದ್ದಕ್ಕೂ ಓಡಿ ಬೇಸತ್ತವರಿಗೆ ಬೇರೆ ಬಗೆಯ ಆಟವೊಂದು ಬೇಕೆಂದು ಯೋಚಿಸಿ, 1974ರ ಸೆಪ್ಟೆಂಬರ್ 25ರ ಬುಧವಾರ ಸಂಜೆ ಮಿಷನ್ ಬೇ ಎಂಬ ಕೊಲ್ಲಿಯ ದಂಡೆಯಲ್ಲಿ ಮೊದಲ ಟ್ರಯಥ್ಲಾನ್ ನಡೆಸಿದರು. ಪ್ರಕಟಣೆಯಲ್ಲಿ ಆರು ಮೈಲಿ ಓಟ, ಐದು ಮೈಲಿ ಸೈಕಲ್ ಮತ್ತು ಐನೂರು ಗಜ ಈಜು ಎಂದಿತ್ತು. ಓಟದ ಒಂದಷ್ಟು ಭಾಗವನ್ನು ಹುಲ್ಲು ಮತ್ತು ಮರಳಿನ ಮೇಲೆ ಬರಿಗಾಲಿನಲ್ಲಿ ಓಡಬೇಕಾಗಿತ್ತು. ಸೈಕಲನ್ನು ಅವರವರೇ ತರಬೇಕಾಗಿತ್ತು. ಬಂದವರು 46 ಮಂದಿ. ಹಿಂದುಳಿದವರು ನೀರಿನಿಂದ ಮೇಲೇಳುವಷ್ಟರಲ್ಲಿ ಕತ್ತಲಾಗಿದ್ದರಿಂದ ಕಾರುಗಳ ದೀಪ ಹಾಯಿಸಿ ದಾರಿ ತೋರಿಸಬೇಕಾಯಿತು. ದಣಿದವರನ್ನು ಕತ್ತಲಲ್ಲಿ ನೀರಿಗಿಳಿಸುವುದು ವಿವೇಕದ ವ್ಯವಸ್ಥೆಯೇನಲ್ಲ, ಮತ್ತು ಮುಂದೆ ಈಜನ್ನು ಮೊದಲಿಗೆ ತಂದು ಓಟವನ್ನು ಕೊನೆಗಿಟ್ಟ ಕ್ರಮ ಸ್ಥಿರವಾದದ್ದರ ಹಿಂದೆ ಈ ಸರಳ ತರ್ಕವೇ ಇದೆ: ಓಡುವಾಗ ಸುಸ್ತಾದವನು ರಸ್ತೆಯ ಬದಿಯಲ್ಲಿ ಕುಳಿತುಕೊಳ್ಳಬಹುದು, ಈಜುವಾಗ ಸುಸ್ತಾದವನಿಗೆ ಕುಳಿತುಕೊಳ್ಳಲು ಜಾಗವಿಲ್ಲ.

ಆ ಸಂಜೆ ಭಾಗವಹಿಸಿದ್ದವರಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕಾಲಿನ್ಸ್ ಕೂಡ ಇದ್ದರು. ಇದೇ ದಂಪತಿ ಮುಂದೆ ಹವಾಯಿಯಲ್ಲಿ, 1978ರ ಫೆಬ್ರುವರಿ 18ರಂದು, 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ ಮತ್ತು 42.2 ಕಿ.ಮೀ. ಓಟದ ‘ಐರನ್‌ಮ್ಯಾನ್’ ಸ್ಪರ್ಧೆಯನ್ನು ಆರಂಭಿಸಿದರು; ಹೊರಟ 15 ಮಂದಿಯಲ್ಲಿ 12 ಮಂದಿ ಮುಗಿಸಿದರು. 180 ಕಿ.ಮೀ. ಎಂದರೆ ಮೈಸೂರು ಜಿಲ್ಲೆಯ ಹುಣಸೂರಿನಿಂದ ಹೊರಟು ಮೈಸೂರನ್ನು ಹಾದು ಹೆಚ್ಚುಕಡಿಮೆ ಬೆಂಗಳೂರನ್ನು ಮುಟ್ಟುವಷ್ಟು ದೂರ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಸೇರ್ಪಡೆಯಾದ ಟ್ರಯಥ್ಲಾನಿನ ಅಳತೆ ಇದಕ್ಕಿಂತ ಬಹಳ ಚಿಕ್ಕದು, 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಅದರ ಅರ್ಧದಷ್ಟಿರುವ, ‘ಸ್ಪ್ರಿಂಟ್’ ಎಂದು ಕರೆಯಲಾಗುವ ರೂಪವೊಂದಿದ್ದು, ಅದರ ಸೈಕಲ್ ಭಾಗ ಹುಣಸೂರಿನಿಂದ ಪಿರಿಯಾಪಟ್ಟಣಕ್ಕಿರುವ ಸುಮಾರು 20 ಕಿ.ಮೀ. ದಾರಿಗೆ ಸಮ. ದಿನವೂ ಸೈಕಲ್ ತುಳಿಯುವವನಿಗೆ ಅದು ಒಂದು ಗಂಟೆಯ ಕೆಲಸ.

ಋತುವಿನ ಕೊನೆಯಲ್ಲಿ ‘ಸುಮ್ಮನೆ ಖುಷಿಗೆ’ ಸ್ಪರ್ಧಿಸುವ ಪದ್ಧತಿ ಏಕೆ ಬಂತೆಂಬುದನ್ನು ತಿಳಿಯಬೇಕಾದರೆ ಕ್ರೀಡಾಪಟುಗಳು ವರ್ಷವನ್ನು ಹೇಗೆ ಹಂಚಿಕೊಳ್ಳುತ್ತಾರೆಂಬುದನ್ನು ನೋಡಬೇಕು. ಮೊದಲ ಕೆಲವು ತಿಂಗಳು ನಿಧಾನಗತಿಯ ದೀರ್ಘ ಅಭ್ಯಾಸದಿಂದ ಹೃದಯ ಮತ್ತು ಸ್ನಾಯುಗಳನ್ನು ಹದಕ್ಕೆ ತರುವುದು, ಆಮೇಲೆ ವೇಗವನ್ನು ಕೂಡಿಸುವುದು, ಮುಖ್ಯ ಸ್ಪರ್ಧೆಗೆ ಒಂದೆರಡು ವಾರ ಮೊದಲು ಶ್ರಮವನ್ನು ತಗ್ಗಿಸಿ ಮೈಯನ್ನು ಚೇತರಿಸಿಕೊಳ್ಳಲು ಬಿಡುವುದು, ಸ್ಪರ್ಧೆ ಮುಗಿದ ಬಳಿಕ ಪೂರ್ಣ ಬಿಡುವು ಕೊಡುವುದು, ಇದು ಸಾಮಾನ್ಯ ಕ್ರಮ. ಮುಖ್ಯ ಸ್ಪರ್ಧೆಗೂ ಬಿಡುವಿಗೂ ನಡುವೆ ಒಂದು ವಿಚಿತ್ರ ಅವಧಿ ಉಳಿಯುತ್ತದೆ. ತಿಂಗಳುಗಟ್ಟಲೆ ಗಳಿಸಿದ ಕಸುವು ಮೈಯಲ್ಲಿ ಇನ್ನೂ ಇರುತ್ತದೆ, ಆದರೆ ಸಾಧಿಸಬೇಕಾದ ಗುರಿ ಯಾವುದೂ ಉಳಿದಿರುವುದಿಲ್ಲ. ಇಂಥ ಹೊತ್ತಿನಲ್ಲಿ ಕೈಗಡಿಯಾರ ಬಿಚ್ಚಿಟ್ಟು, ಗೆಳೆಯರ ಜೊತೆ, ಮನೆಯವರನ್ನೂ ಸೇರಿಸಿಕೊಂಡು ಚಿಕ್ಕ ಸ್ಪರ್ಧೆಯೊಂದರಲ್ಲಿ ಭಾಗವಹಿಸುವುದು ವರ್ಷದ ಶ್ರಮಕ್ಕೆ ಸಿಗುವ ಬಡ್ಡಿಯಂತೆ. ಅಲ್ಲಿ ಸೋಲಿನ ಭಯವಿಲ್ಲದ ಕಾರಣ ಹೊಸಬರಿಗೂ ಪ್ರವೇಶ ಸುಲಭ. ಮೊದಲ ಸಲ ಟ್ರಯಥ್ಲಾನ್ ಮಾಡುವವರು ಆರಿಸಿಕೊಳ್ಳಬೇಕಾದದ್ದು ಇಂಥದ್ದನ್ನೇ ಹೊರತು ಗೋವಾದಂಥ ದೊಡ್ಡ ಸ್ಪರ್ಧೆಯನ್ನಲ್ಲ.

ಚಿಕ್ಕದಾದರೂ ಇದರಲ್ಲಿ ಕಲಿಯಬೇಕಾದ ವಿಷಯಗಳಿವೆ. ನೀರಿನಿಂದ ಎದ್ದು ಸೈಕಲ್ ಹತ್ತುವ ಮತ್ತು ಸೈಕಲ್ ಇಳಿದು ಓಡಲು ಹೊರಡುವ ಜಾಗಕ್ಕೆ ‘ಟ್ರಾನ್ಸಿಷನ್’ ಎನ್ನುತ್ತಾರೆ. ಒದ್ದೆ ಪಾದವನ್ನು ಒರೆಸಿಕೊಂಡು ಬೂಟಿಗೆ ತೂರಿಸುವ, ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲಷ್ಟೇ ಸೈಕಲನ್ನು ಮುಟ್ಟುವ ನಿಯಮ ಪಾಲಿಸುವ ಕಸರತ್ತೆಲ್ಲ ಇಲ್ಲಿಯೇ ನಡೆಯುವುದರಿಂದ ಪ್ರೇಕ್ಷಕರಿಗೆ ಹೆಚ್ಚಿನ ಮನರಂಜನೆ ಸಿಗುವುದೂ ಇಲ್ಲಿಯೇ. ಸೈಕಲ್ ಇಳಿದು ಓಡತೊಡಗಿದ ಮೊದಲ ಕೆಲವು ನಿಮಿಷ ಕಾಲುಗಳು ತನ್ನವೇ ಅಲ್ಲವೇನೋ ಎಂಬಷ್ಟು ಭಾರವಾಗುತ್ತವೆ, ಏಕೆಂದರೆ ಕುಳಿತು ಚಕ್ರಾಕಾರವಾಗಿ ತುಳಿಯುತ್ತಿದ್ದ ಸ್ನಾಯುಗಳು ಏಕಾಏಕಿ ಮೈಯ ಭಾರವನ್ನು ಹೊತ್ತು ನೆಲವನ್ನು ಒದೆಯಬೇಕಾಗುತ್ತದೆ. ಮನೆಯಲ್ಲಿ ನಾಲ್ಕಾರು ಬಾರಿ ಸೈಕಲ್ ತುಳಿದ ತಕ್ಷಣ ಒಂದು ಕಿಲೋಮೀಟರ್ ಓಡಿ ರೂಢಿ ಮಾಡಿಕೊಂಡರೆ ಇದು ತಾನಾಗಿ ಸರಿಹೋಗುತ್ತದೆ.

ಅಮೆರಿಕ, ಯೂರೋಪುಗಳಲ್ಲಿ ಚಳಿ ಹೆಚ್ಚಿದಂತೆ ಋತು ಮುಗಿಯುತ್ತದೆಯಾದ್ದರಿಂದ ಅಲ್ಲಿ ಸೆಪ್ಟೆಂಬರ್ ಕೊನೆಯ ತಿಂಗಳು; ಮೈಸೂರು ಜಿಲ್ಲೆಯ ಪಶ್ಚಿಮದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಋತುವನ್ನು ನಿರ್ಧರಿಸುವುದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಳೆಗೆ ಕಾವೇರಿ, ಲಕ್ಷ್ಮಣತೀರ್ಥಗಳೂ ವಯನಾಡಿನ ಮಳೆಗೆ ಕಬಿನಿಯೂ ತುಂಬಿ ಹರಿಯುತ್ತವೆ. ಮಾರ್ಚ್ ಕಳೆದರೆ ಬಿಸಿಲಿನ ಝಳ. ಹೊರಾಂಗಣ ಕ್ರೀಡೆಗೆ ಹಿತವಾದದ್ದು ನವೆಂಬರ್‌ನಿಂದ ಫೆಬ್ರುವರಿಯ ಅವಧಿ. ಕೃಷಿಯ ವರ್ಷವೂ ಇದಕ್ಕೆ ಹೊಂದಿಕೊಂಡಿದೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದು ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆ ಸೇರುತ್ತದೆ; ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರರು ಮಳೆಗಾಲವೆಲ್ಲ ಬ್ಯಾರನ್ನುಗಳಲ್ಲಿ ರಾತ್ರಿಯಿಡೀ ಬೆಂಕಿ ಕಾದು ಎಲೆ ಹದಮಾಡಿ, ಆಮೇಲೆ ತಿಂಗಳುಗಟ್ಟಲೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ರಾವಂದೂರುಗಳ ಹರಾಜು ಮಾರುಕಟ್ಟೆಗೆ ಬೇಲುಗಳನ್ನು ಸಾಗಿಸಿ, ಬೇಸಿಗೆಯ ಹೊಸ್ತಿಲಲ್ಲಿ ಬಿಡುವು ಕಾಣುತ್ತಾರೆ. ದುಡಿಮೆ ಮುಗಿದ ಮೇಲೆ ಮೈಕಸುವಿನ ಆಟಗಳನ್ನು ಆಡುವುದು ಈ ಸೀಮೆಗೆ ಹೊಸದಲ್ಲ. ಜಾತ್ರೆಯ ಕುಸ್ತಿ, ಭಾರ ಎತ್ತುವ ಪಂದ್ಯ, ಕೆಸರುಗದ್ದೆ ಓಟಗಳಿಗೆ ಸೇರುವ ಜನ ದಾಖಲೆಗಾಗಿ ಸೇರುವವರಲ್ಲ. ಆ ಸಾಲಿಗೆ ಟ್ರಯಥ್ಲಾನ್ ಸೇರಲು ಸ್ವಭಾವದ ಅಡ್ಡಿಯೇನೂ ಇಲ್ಲ.

ಅಡ್ಡಿಯಿರುವುದು ನೀರಿನಲ್ಲಿ. ಮೂರು ನದಿಗಳು, ನೂರಾರು ಕೆರೆಗಳು ಮತ್ತು ನಾಲೆಗಳಿರುವ ನಾಲ್ಕು ತಾಲ್ಲೂಕುಗಳಲ್ಲಿ ಈಜಲು ಜಾಗವಿಲ್ಲವೆಂದರೆ ವಿಪರೀತವೆನಿಸಬಹುದು, ಆದರೆ ಒಂದೊಂದನ್ನೇ ಪರಿಶೀಲಿಸಿದರೆ ಈ ಮಾತಿನ ಸತ್ಯ ಕಾಣುತ್ತದೆ. ಎಚ್.ಡಿ. ಕೋಟೆಯ ಕಡೆಯ ಕಬಿನಿ ಹಿನ್ನೀರು ವಿಶಾಲವೂ ಸುಂದರವೂ ಹೌದು, ಆದರೆ ಅಲ್ಲಿ ಮೊಸಳೆಗಳಿವೆ, ದಂಡೆಗೆ ಆನೆಗಳು ಬರುತ್ತವೆ, ಬಹುಭಾಗ ನಾಗರಹೊಳೆ ಮತ್ತು ಬಂಡೀಪುರದ ಕಾಡಿಗೆ ಅಂಟಿಕೊಂಡಿದೆ. ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಧುಮುಕುವುದರಿಂದ ಸುಳಿಗಳ ಅಪಾಯ. ಹುಣಸೂರು ಪಟ್ಟಣವನ್ನು ಹಾದ ಲಕ್ಷ್ಮಣತೀರ್ಥಕ್ಕೆ ಚರಂಡಿ ನೀರು ಸೇರುತ್ತದೆ; ಇದು ಈಜುವವರಿಗೆ ಸಣ್ಣ ವಿಷಯವಲ್ಲ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೇನ್ ನದಿಯ ನೀರು ಶುದ್ಧವಾಗಿಲ್ಲವೆಂದು ಪುರುಷರ ಟ್ರಯಥ್ಲಾನನ್ನೇ ಒಂದು ದಿನ ಮುಂದೂಡಬೇಕಾಗಿ ಬಂದಿತ್ತು. ನಾಲೆಗಳಲ್ಲಿ ಹರಿವು ಬಿರುಸು, ಸಿಮೆಂಟಿನ ಇಳಿಜಾರು ಜಾರುತ್ತದೆ, ತೂಬಿನ ಬಳಿ ಸೆಳೆತವಿರುತ್ತದೆ. ಹೂಳಿಗಾಗಿ ಅಲ್ಲಲ್ಲಿ ಅಗೆದ ಕೆರೆಗಳಲ್ಲಿ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳಾಳದ ಗುಂಡಿಯಾಗುತ್ತದೆ. ಇವೆಲ್ಲಕ್ಕಿಂತ ಮೋಸದ್ದು ಕೃಷಿ ಹೊಂಡ: ನೋಡಲು ಈಜುಕೊಳದಂತೆಯೇ ಕಂಡರೂ ಪ್ಲಾಸ್ಟಿಕ್ ಹಾಸಿದ ಅದರ ಬದುವಿನಲ್ಲಿ ಕೈಗೆ ಹಿಡಿತ ಸಿಗುವುದಿಲ್ಲ, ಈಜು ಬಲ್ಲವರೂ ಮೇಲೇರಲಾಗದೆ ಸಾಯುತ್ತಾರೆ. ಬಾವಿಯಲ್ಲಿ ಈಜು ಕಲಿತು ಬೆಳೆದವರು ಈ ಎಚ್ಚರಿಕೆಯನ್ನು ಪೇಟೆಯವರ ಪುಕ್ಕಲುತನವೆಂದು ತಳ್ಳಿಹಾಕುವುದುಂಟು, ಆದರೆ ಒಬ್ಬನೇ ನಿರಾಳವಾಗಿ ಈಜುವುದಕ್ಕೂ ಮೂವತ್ತು ಜನರ ಕೈಕಾಲುಗಳ ಬಡಿತದ ನಡುವೆ, ಏದುಸಿರಿನಲ್ಲಿ ಈಜುವುದಕ್ಕೂ ಬಹಳ ವ್ಯತ್ಯಾಸವಿದೆ.

ಆದ್ದರಿಂದ ಈಜು ಬೇಕೇ ಬೇಕೆನ್ನುವವರಿಗೆ ಮೈಸೂರಿನ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ್ದಿರುವಂಥ ಈಜುಕೊಳವೇ ಸರಿ. ಸ್ಪರ್ಧಿಗಳನ್ನು ಒಟ್ಟಿಗೆ ಬಿಡದೆ ಅರ್ಧ ನಿಮಿಷಕ್ಕೊಬ್ಬರಂತೆ ಇಳಿಸಿ ಪ್ರತಿಯೊಬ್ಬರ ಸಮಯವನ್ನು ಪ್ರತ್ಯೇಕವಾಗಿ ಎಣಿಸುವ ಕ್ರಮ ಜಗತ್ತಿನ ಹಲವೆಡೆ ಚಾಲ್ತಿಯಲ್ಲಿದೆ. ಕೆರೆಯಲ್ಲೇ ನಡೆಸುವುದಾದರೆ ತಳವನ್ನು ಮೊದಲೇ ಅಳೆದು, ಎದೆಮಟ್ಟದ ನೀರಿನಲ್ಲಿ ದಂಡೆಗೆ ಸಮಾನಾಂತರವಾಗಿ ಹಗ್ಗ ಕಟ್ಟಿ, ತೆಪ್ಪಗಳಲ್ಲಿ ನುರಿತ ಈಜುಗಾರರನ್ನು ನಿಲ್ಲಿಸಿ, ಎಲ್ಲರಿಗೂ ಎದ್ದು ಕಾಣುವ ಬಣ್ಣದ ಟೋಪಿ ಹಾಕಿಸಬೇಕು. ಇಷ್ಟನ್ನು ಮಾಡಲಾಗದ ಕಡೆ ಈಜನ್ನು ಕೈಬಿಟ್ಟು ಓಟ, ಸೈಕಲ್, ಮತ್ತೆ ಓಟ ಎಂಬ ಕ್ರಮದ ‘ಡುಯಥ್ಲಾನ್’ ನಡೆಸುವುದು ಉತ್ತಮ; ಇದು ಬದಲಿ ವ್ಯವಸ್ಥೆಯಲ್ಲ, ತನ್ನದೇ ವಿಶ್ವ ಚಾಂಪಿಯನ್‌ಷಿಪ್ ಇರುವ ಅಂಗೀಕೃತ ಸ್ಪರ್ಧೆ.

ಸೈಕಲ್ಲಿನ ವಿಷಯದಲ್ಲಿ ಚಿಂತೆ ಕಡಿಮೆ. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ್ದರಿಂದ ಹಳ್ಳಿಯ ಒಂದು ಇಡೀ ತಲೆಮಾರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಸೈಕಲ್ ಸವಾರಿ ರೂಢಿಯಾಗಿದೆ. ಖುಷಿಯ ಸ್ಪರ್ಧೆಗೆ ಬ್ರೇಕು ಸರಿಯಿರುವ ಯಾವ ಸೈಕಲಾದರೂ ಸಾಕು, ಲಕ್ಷ ರೂಪಾಯಿಯ ಸೈಕಲ್ ಕೊಳ್ಳುವವರಿಗೆ ಅದು ಬೇರೆಯದೇ ಖುಷಿ. ದಾರಿಯ ಆಯ್ಕೆಯಲ್ಲಿ ಮಾತ್ರ ಜಾಗ್ರತೆ ಬೇಕು. ಮೈಸೂರು–ಮಡಿಕೇರಿ ಹೆದ್ದಾರಿ ವಾಹನಗಳಿಂದ ತುಂಬಿರುತ್ತದೆ, ಎಚ್.ಡಿ. ಕೋಟೆಯಿಂದ ಮಾನಂದವಾಡಿಯತ್ತ ಹೋಗುವ ಕಾಡಿನ ರಸ್ತೆಯಲ್ಲಿ ವನ್ಯಜೀವಿಗಳ ಸಲುವಾಗಿ ರಾತ್ರಿ ಸಂಚಾರವೇ ನಿಷಿದ್ಧ, ಮುಂಜಾನೆಯ ಮಬ್ಬಿನಲ್ಲಿ ಕಾಡಂಚಿನ ಯಾವ ರಸ್ತೆಯೂ ಓಟಕ್ಕೆ ತಕ್ಕದ್ದಲ್ಲ. ಕೆ.ಆರ್. ನಗರದ ಸುತ್ತಿನ ಸಮತಟ್ಟಾದ ಊರುದಾರಿಗಳಲ್ಲಿ ಐದು ಕಿಲೋಮೀಟರಿನ ಸುತ್ತನ್ನು ನಾಲ್ಕು ಬಾರಿ ಹಾಕಿಸಿದರೆ ಪೊಲೀಸರಿಗೂ ಸುಲಭ, ನೋಡುವವರಿಗೂ ಸ್ಪರ್ಧಿಗಳು ಮತ್ತೆ ಮತ್ತೆ ಕಾಣಸಿಗುತ್ತಾರೆ.

ಇದನ್ನು ಆರಂಭಿಸಲು ಹೊಸ ಸಂಸ್ಥೆ ಬೇಕಿಲ್ಲ. ಈ ನಾಲ್ಕೂ ಪಟ್ಟಣಗಳ ಕಾಲೇಜುಗಳ ದೈಹಿಕ ಶಿಕ್ಷಣ ಅಧ್ಯಾಪಕರು ಮತ್ತು ಯುವಕ ಸಂಘಗಳು ಸೇರಿ, ಜನವರಿ ಅಥವಾ ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮುನ್ನ, ಎರಡು ಕಿಲೋಮೀಟರ್ ಓಟ, ಹತ್ತು ಕಿಲೋಮೀಟರ್ ಸೈಕಲ್, ಮತ್ತೆ ಒಂದು ಕಿಲೋಮೀಟರ್ ಓಟವನ್ನು ಏರ್ಪಡಿಸಲಿ. ಒಬ್ಬರು ಓಡಿ ಇನ್ನೊಬ್ಬರು ಸೈಕಲ್ ತುಳಿಯುವ ರಿಲೇ ತಂಡಗಳಿಗೂ, ಅಪ್ಪ-ಮಗಳು ಜೋಡಿಯಾಗಿ ಬರುವುದಕ್ಕೂ ಅವಕಾಶವಿರಲಿ. ನೀರು, ಬಾಳೆಹಣ್ಣು, ಒಂದು ಆಂಬುಲೆನ್ಸ್ ಮತ್ತು ಹೆಲ್ಮೆಟ್ಟಿನ ಕಡ್ಡಾಯ ನಿಯಮವಿದ್ದರೆ ಮೊದಲ ವರ್ಷಕ್ಕೆ ಅಷ್ಟೇ ಸಾಕು, ಈಜನ್ನು ಸುರಕ್ಷಿತ ಕೊಳ ಸಿಕ್ಕ ವರ್ಷ ಸೇರಿಸಿಕೊಳ್ಳಬಹುದು.