ಚಿಪ್ ನಕ್ಷೆ ತಿದ್ದಲೊಂದು ಆಜ್ಞಾಪಟ್ಟಿ

ಗಣಕಯಂತ್ರದೊಳಗಿನ ಚಿಪ್ ಕಾರ್ಖಾನೆಯನ್ನು ಸೇರುವ ಮೊದಲು ಬರಿಯ ನಕ್ಷೆಯಾಗಿರುತ್ತದೆ. ಮನೆ ಕಟ್ಟುವಾಗ ಮಹಡಿಗೊಂದು ನಕ್ಷೆ ಬರೆಯುವುದನ್ನು ನೀವು ನೋಡಿರಬಹುದು. ಹಾಗೆಯೇ ಇಲ್ಲಿ ಪದರಕ್ಕೊಂದು ನಕ್ಷೆ: ತಳದಲ್ಲಿ ಸಿಲಿಕಾನ್, ಅದರ ಮೇಲೆ ಲೋಹದ ತಂತಿಗಳ ಹಲವು ಪದರಗಳು. ಈ ಆಕೃತಿಗಳನ್ನೆಲ್ಲ ತುಂಬಿಡುವ ಕಡತದ ರೂಪಕ್ಕೆ ಜಿಡಿಎಸ್-2 ಎಂದು ಹೆಸರು. ಅಮೆರಿಕದ ಕಾಲ್ಮಾ ಕಂಪನಿ 1970ರ ದಶಕದಲ್ಲಿ ಇದನ್ನು ರೂಪಿಸಿತು. ಆ ಕಂಪನಿ ಇಂದಿಲ್ಲ. ಕಡತದ ರೂಪ ಮಾತ್ರ ಉಳಿದಿದೆ.

ಈ ಕಡತದಲ್ಲಿ ಪದರಗಳಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಸ್ಕೈವಾಟರ್ ಕಾರ್ಖಾನೆಯ 130 ನ್ಯಾನೋಮೀಟರ್ ವಿಧಾನದ ವಿವರಗಳು 2020ರಲ್ಲಿ ಎಲ್ಲರಿಗೂ ಮುಕ್ತವಾದವು. ಅದರಲ್ಲಿ ಮೊದಲನೆಯ ಲೋಹದ ಪದರಕ್ಕೆ 68 ಮತ್ತು 20 ಎಂಬ ಜೋಡಿ ಸಂಖ್ಯೆ. ಒಂದಂಕಿ ತಪ್ಪಿ 67 ಎಂದಾದರೆ ತಂತಿ ಒಂದು ಪದರ ಕೆಳಗಿಳಿದುಬಿಡುತ್ತದೆ! ಆ ಚಿಪ್ ಕೆಲಸ ಮಾಡೀತೆ?

ಈಗ ಒಬ್ಬ ವಿದ್ಯಾರ್ಥಿಯ ಬಳಿ ನಲವತ್ತು ಕಡತಗಳಿವೆ. ಎಲ್ಲದರಲ್ಲೂ ಲೋಹವನ್ನು 1ನೇ ಪದರದಲ್ಲಿ ಬರೆದಿದ್ದಾನೆ ಎಂದುಕೊಳ್ಳೋಣ. ಅದನ್ನು 68ಕ್ಕೆ ಬದಲಿಸಬೇಕು. ಒಂದೊಂದನ್ನೇ ಪರದೆಯ ಮೇಲೆ ತೆರೆದು ತಿದ್ದುತ್ತ ಹೋದರೆ ಮೂವತ್ತನೆಯದರ ಹೊತ್ತಿಗೆ ಕಣ್ಣು ಸೋಲುತ್ತದೆ. ಪಠ್ಯ ತಿದ್ದುವ ತಂತ್ರಾಂಶದಲ್ಲಿ ತೆರೆಯೋಣವೆಂದರೆ ಇದು ಅಕ್ಷರಗಳ ಕಡತವಲ್ಲ. ಪ್ರತಿಯೊಂದು ದಾಖಲೆಯ ಮೊದಲ ಎರಡು ಬೈಟುಗಳು ಆ ದಾಖಲೆಯ ಉದ್ದವನ್ನು ಹೇಳುತ್ತವೆ. ಹೆಸರೊಂದಕ್ಕೆ ಎರಡಕ್ಷರ ಸೇರಿಸಿ ಉದ್ದವನ್ನು ತಿದ್ದದಿದ್ದರೆ ಅಲ್ಲಿಂದ ಮುಂದಿನದೆಲ್ಲ ತಪ್ಪಾಗಿ ಓದಿಕೊಳ್ಳುತ್ತದೆ.

ಇಂಥಲ್ಲಿ ನೆರವಾಗುವುದು ಕೆಲೇಔಟ್ ಎಂಬ ಉಚಿತ ತಂತ್ರಾಂಶ. ಆಜ್ಞಾಸಾಲಿನಿಂದ ಇದನ್ನು ಕಿಟಕಿಯೇ ತೆರೆಯದಂತೆ ನಡೆಸಬಹುದು. ರೂಬಿ ಅಥವಾ ಪೈಥಾನ್ ಭಾಷೆಯಲ್ಲಿ ಹತ್ತಾರು ಸಾಲು ಬರೆದರೆ ಸಾಕು: ಕಡತವನ್ನು ಓದು, 1ನೇ ಪದರವನ್ನು 68ಕ್ಕೆ ಸಾಗಿಸು, ಹೊಸ ಹೆಸರಿನಲ್ಲಿ ಬರೆದಿಡು. ಕಡತದ ಹೆಸರನ್ನು ಹೊರಗಿನಿಂದ ಕೊಡುವಂತೆ ಮಾಡಿಕೊಂಡರೆ ಅದೇ ಸಾಲುಗಳು ನಲವತ್ತಕ್ಕೂ ನಡೆಯುತ್ತವೆ.

ಪ್ರಾಸಂಗಿಕವಾಗಿ ಒಂದು ಮಾತು. ಬರ್ಕ್ಲಿಯಲ್ಲಿ ಮ್ಯಾಜಿಕ್ ಎಂಬ ಚಿಪ್ ನಕ್ಷೆಯ ತಂತ್ರಾಂಶ ರಚಿಸಿದ ಜಾನ್ ಔಸ್ಟರ್‌ಹೌಟ್ ಅವರಿಗೆ, ಪ್ರತಿ ತಂತ್ರಾಂಶಕ್ಕೂ ಒಂದೊಂದು ಅರೆಬರೆ ಆಜ್ಞಾಭಾಷೆ ಇರುವುದು ಬೇಸರ ತಂದಿತ್ತು. ಎಲ್ಲಕ್ಕೂ ಒಂದೇ ಇರಲೆಂದು 1988ರಲ್ಲಿ ಅವರು ಟಿಕಲ್ ಭಾಷೆಯನ್ನು ಆರಂಭಿಸಿದರು. ಇಂದಿಗೂ ಚಿಪ್ ವಿನ್ಯಾಸಕರು ಇದನ್ನು ಬಳಸುತ್ತಾರೆ.

ಯಂತ್ರ ಹೇಳಿದ್ದನ್ನಷ್ಟೇ ಮಾಡುತ್ತದೆ. 68ರಲ್ಲಿ ಮೊದಲೇ ಆಕೃತಿಗಳಿದ್ದರೆ ಹಳೆಯದೂ ಹೊಸದೂ ಬೆರೆತುಹೋಗುತ್ತವೆ, ಮತ್ತೆ ಬೇರ್ಪಡಿಸುವುದು ದುಸ್ತರ. ಆದ್ದರಿಂದ ಆ ಪದರ ಖಾಲಿಯಿದೆಯೇ ಎಂದು ಮೊದಲು ಕೇಳುವ ಸಾಲೊಂದನ್ನು ಸೇರಿಸಿ. ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲಲಿ. ಮೂಲ ಕಡತದ ಮೇಲೆಯೇ ಎಂದೂ ಬರೆಯಬೇಡಿ. ಮೂಲ ಉಳಿದಿದ್ದರೆ ತಾನೆ ಹೋಲಿಸಲು ಸಾಧ್ಯ? ಹಳೆಯ 1ನೇ ಪದರವನ್ನು ಹೊಸ 68ರ ಮೇಲಿಟ್ಟು, ಎರಡರಲ್ಲೂ ಇರುವುದನ್ನು ಅಳಿಸಿ, ಒಂದರಲ್ಲಿ ಮಾತ್ರ ಇರುವುದನ್ನು ಉಳಿಸುವ ಕ್ರಿಯೆಗೆ ಎಕ್ಸ್‌ಆರ್ ಎನ್ನುತ್ತಾರೆ. ಉಳಿದ ಪದರಗಳನ್ನೂ ಹೀಗೆಯೇ ಹೋಲಿಸಬೇಕು. ಎಲ್ಲೂ ಏನೂ ಉಳಿಯದಿದ್ದರೆ ತಿದ್ದುಪಡಿ ಸರಿಯಾಗಿದೆ. ಒಂದು ಚಿಕ್ಕ ಚೌಕ ಉಳಿದರೂ ಅದೆಲ್ಲಿಂದ ಬಂತೆಂದು ಹುಡುಕಿಯೇ ಕಡತವನ್ನು ಕಾರ್ಖಾನೆಗೆ ಕಳಿಸಬೇಕು.